ಹೊರಗಿನ ಪಟ್ಟಿಯನ್ನು ಮೂಲ ದಾಖಲೆಗೆ ಸೇರಿಸುವ ಕ್ರಮ

ಕೈಬರಹದ ಪಹಣಿಯು 2000ನೆಯ ಇಸವಿಯಿಂದೀಚೆಗೆ ‘ಭೂಮಿ’ ಯೋಜನೆಯ ಮೂಲಕ ಕಂಪ್ಯೂಟರಿಗೆ ಸೇರಿತು. ಮುಂದೆ ರೈತನ ಹೆಸರು, ಜಮೀನು, ಬ್ಯಾಂಕಿನ ಖಾತೆ ಇವುಗಳನ್ನು ಒಂದೆಡೆ ಕೂಡಿಸುವ ‘ಫ್ರೂಟ್ಸ್’ ದಾಖಲೆಯು ಏರ್ಪಟ್ಟಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಸಾರಲ್ಪಟ್ಟಾಗ, ಪರಿಹಾರದ ಹಣವು ಈ ದಾಖಲೆಯನ್ನೇ ಆಧರಿಸಿ ಖಾತೆಗಳಿಗೆ ಸಂದಿತು. ಸಹಕಾರ ಪತ್ತಿನ ಸಂಘಗಳನ್ನು ಕಂಪ್ಯೂಟರಿಗೆ ತರುವ ಯೋಜನೆಗೆ ಕೇಂದ್ರ ಸರ್ಕಾರವು 2022ರ ಜೂನ್ ತಿಂಗಳಲ್ಲಿ ಒಪ್ಪಿಗೆಯಿತ್ತಿತು. ಹೀಗಿರಲು ಒಂದು ಅಂಕಿ ತಪ್ಪಿದರೂ ಒಕ್ಕಲಿನ ಮನೆಗೆ ಬರತಕ್ಕ ಹಣ ತಪ್ಪುವ ಸಂಭವವುಂಟು.

ಪಹಣಿಯನ್ನು ತಿದ್ದುವ ಅಧಿಕಾರವು ಕಂದಾಯ ಇಲಾಖೆಯದು. ಅದು ಇಲ್ಲಿನ ವಿಷಯವಲ್ಲ. ಊರಿನ ಹುಡುಗರು ಮನೆಮನೆ ತಿರುಗಿ ಎಕ್ಸೆಲ್ ಹಾಳೆಯಲ್ಲಿ ಬರೆದು ತಂದ ಪಟ್ಟಿಯನ್ನು ಸಂಘದ ಮೂಲ ದಾಖಲೆಗೆ ಸೇರಿಸುವ ಬಗೆಯನ್ನು ಮಾತ್ರ ಇಲ್ಲಿ ವಿವರಿಸಿದೆ. ಸಂಘದ ಆಡಳಿತದಲ್ಲಿರುವ ಗ್ರಾಮದ ಮುಖಂಡರೂ ಜಮೀನ್ದಾರರೂ ಇದನ್ನು ಕಾರ್ಯದರ್ಶಿಯ ತಲೆಗೆ ಕಟ್ಟಿ ಸುಮ್ಮನಿರಲಾಗದು.

ಮೊದಲ ಕೇಡು ಹಾಳೆಯಲ್ಲಿಯೇ ಹುಟ್ಟುತ್ತದೆ. ಸರ್ವೆ ನಂಬರು 3/4 ಎಂದು ಬರೆದರೆ ಎಕ್ಸೆಲ್ ಅದನ್ನು ಏಪ್ರಿಲ್ 3ನೆಯ ತಾರೀಖೆಂದು ಭಾವಿಸಿ ಮಾರ್ಪಡಿಸುತ್ತದೆ. ಆಮೇಲೆ ಆ ಮನೆಯನ್ನು ಅಕ್ಷರದ ಮನೆಯಾಗಿ ಬದಲಿಸಿದರೂ 3/4 ಹಿಂದಿರುಗುವುದಿಲ್ಲ. ಐದಂಕಿಯ ಬೇರೊಂದು ಸಂಖ್ಯೆ ಕಾಣುತ್ತದೆ. ಖಾತೆ ನಂಬರಿನ ಮುಂದಿನ ಸೊನ್ನೆಗಳು ಉದುರಿಹೋಗುತ್ತವೆ. 15 ಅಂಕಿಗೆ ಮೀರಿದ ನಂಬರಿನಲ್ಲಿ ಕಡೆಯ ಅಂಕಿಗಳೇ ಸೊನ್ನೆಯಾಗುತ್ತವೆ. ಆದುದರಿಂದ ಬರೆಯುವುದಕ್ಕೆ ಮುಂಚೆಯೇ ಈ ಅಂಕಣಗಳನ್ನು ಅಕ್ಷರದ ಅಂಕಣಗಳೆಂದು ಗೊತ್ತುಮಾಡತಕ್ಕದ್ದು.

ವಿಸ್ತೀರ್ಣದ ಮೋಸವು ಇದಕ್ಕಿಂತಲೂ ಸೂಕ್ಷ್ಮವಾದುದು. 2 ಎಕರೆ 10 ಗುಂಟೆಯನ್ನು 2.10 ಎಂದು ಬರೆಯುವ ವಾಡಿಕೆಯುಂಟಷ್ಟೆ. ಯಂತ್ರವು ಅದನ್ನು 2.1 ಎಂದು ತೋರಿಸುತ್ತದೆ. ಇದನ್ನು 2 ಎಕರೆ 1 ಗುಂಟೆಯೆಂದು ಓದಿದವನು 9 ಗುಂಟೆಯನ್ನು ಕಳೆದನು. ದಶಾಂಶವೆಂದು ಓದಿದವನಿಗೆ 2 ಎಕರೆ 4 ಗುಂಟೆ ಮಾತ್ರ ದೊರೆಯಿತು. 1.30ಕ್ಕೆ 1.20 ಕೂಡಿಸಿದರೆ ಯಂತ್ರವು 2.50 ಎನ್ನುತ್ತದೆ, ನಿಜವಾದ ಮೊತ್ತ 3 ಎಕರೆ 10 ಗುಂಟೆ. ಎಕರೆಗೊಂದು, ಗುಂಟೆಗೊಂದು ಅಂಕಣವಿಟ್ಟು, ಎಲ್ಲವನ್ನೂ ಗುಂಟೆಗೆ ತಂದು ಕೂಡಿಸುವುದೇ ಲೇಸು. ಹೊಳಲ್ಕೆರೆಯ ಅಡಿಕೆ ತೋಟಗಳಲ್ಲಿ ಒಂದೊಂದು ಗುಂಟೆಗೂ ಇರುವ ಬೆಲೆಯನ್ನು ಬಲ್ಲವರಿಗೆ ಇದನ್ನು ಒತ್ತಿ ಹೇಳಬೇಕಾಗಿಲ್ಲ.

ಇನ್ನು ಯಾವ ಸಾಲು ಯಾರದೆಂದು ಹೊಂದಿಸುವುದು. ಹೆಸರನ್ನು ನಂಬಿ ಹೊಂದಿಸಕೂಡದು. ತಿಪ್ಪೇಸ್ವಾಮಿ ಎಂಬ ಹೆಸರಿನವರು ಚಿತ್ರದುರ್ಗದ ಸೀಮೆಯಲ್ಲಿ ಎಷ್ಟು ಮಂದಿ ಇಲ್ಲ! ಊರಿನ ಹೆಸರೂ ಸಾಲದು, ಗೊಲ್ಲರಹಟ್ಟಿಯೆಂಬುದು ಒಂದೆರಡಲ್ಲ. ಸರ್ವೆ ನಂಬರುಗಳೋ ಪ್ರತಿ ಗ್ರಾಮದಲ್ಲಿಯೂ ಒಂದರಿಂದ ಮೊದಲಾಗುತ್ತವೆ. ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ ಇವಿಷ್ಟೂ ಕೂಡಿದರೆ ಜಮೀನು ಗೊತ್ತಾಗುತ್ತದೆ. ಜಂಟಿ ಖಾತೆಯಾದರೆ ಮನುಷ್ಯನನ್ನು ಗುರುತಿಸಲು ಫ್ರೂಟ್ಸ್ ನಂಬರೂ ಬೇಕು. ಪಟ್ಟಿಯಲ್ಲಿ ಬರಿಯ 45 ಎಂದಿದ್ದು, ಪೋಡಿಯಾದ ಮೇಲೆ ದಾಖಲೆಯಲ್ಲಿ 45/1, 45/2 ಎಂದಿದ್ದರೆ, ತೋಚಿದ ಒಂದಕ್ಕೆ ಅಂಟಿಸದೆ ಆ ಸಾಲನ್ನು ಬೇರೆಯಿರಿಸಿ ರೈತನನ್ನೇ ವಿಚಾರಿಸತಕ್ಕದ್ದು. ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಬರೆದ ಪಟ್ಟಿಯನ್ನು ಯೂನಿಕೋಡಿಗೆ ತಿರುಗಿಸದಿದ್ದರೆ ಒಂದು ಹೆಸರೂ ಹೊಂದಲಾರದು.

ರಾಗಿಯ ಪೈರನ್ನು ಸಸಿಮಡಿಯಲ್ಲಿ ಬೆಳೆಸಿ ನೋಡಿ ಹೊಲಕ್ಕೆ ನಾಟಿ ಹಾಕುವಂತೆ, ಹೊರಗಿನ ಪಟ್ಟಿಯನ್ನು ಮೊದಲು ಪ್ರತ್ಯೇಕವಾದ ಕೋಷ್ಟಕದಲ್ಲಿ ಇಳಿಸಬೇಕು. ಅದಕ್ಕೂ ಮೊದಲು ಮೂಲ ದಾಖಲೆಯ ಪೂರ್ಣ ನಕಲನ್ನು ತೆಗೆದು ಬೇರೊಂದು ಕಂಪ್ಯೂಟರಿನಲ್ಲಿ ಇರಿಸಿ, ಆ ನಕಲಿನಿಂದ ದಾಖಲೆಯು ಮರಳಿ ತೆರೆಯುವುದೋ ಎಂದು ಪರೀಕ್ಷಿಸಬೇಕು. ತೆರೆಯದ ನಕಲು ಮೊಳೆಯದ ಬೀಜ. ಬಳಿಕ ಹೊಂದಿದವೆಷ್ಟು, ಹೊಸವೆಷ್ಟು, ಎರಡು ಸಲ ಬಂದವೆಷ್ಟು, ಹೊಂದದವೆಷ್ಟು ಎಂದು ಎಣಿಸಿ, ನಾಲ್ಕರ ಮೊತ್ತವು ಪಟ್ಟಿಯ ಸಾಲುಗಳ ಸಂಖ್ಯೆಗೆ ಸರಿಹೋದಲ್ಲದೆ ಮುಂದುವರಿಯಕೂಡದು.

ಸೇರಿಸುವಾಗ ಬೇಕಾದ ಅಂಕಣವನ್ನು ಮಾತ್ರ ಮುಟ್ಟಬೇಕು. ಹೊಸದುರ್ಗದ ತೆಂಗಿನ ತೋಟದವನ ಬೆಳೆಯನ್ನು ತಿದ್ದಲು ಹೋಗಿ ಅವನ ಖಾತೆ ನಂಬರನ್ನು ಅಳಿಸಬಾರದು. ಪಟ್ಟಿಯಲ್ಲಿ ಖಾಲಿಯಿರುವ ಮನೆಯು ದಾಖಲೆಯಲ್ಲಿ ತುಂಬಿರುವುದನ್ನು ಅಳಿಸದಂತೆ ಏರ್ಪಡಿಸಬೇಕು. ಎಲ್ಲ ಸಾಲುಗಳೂ ಒಟ್ಟಿಗೆ ಸೇರಬೇಕು, ನಡುವೆ ವಿದ್ಯುತ್ತು ಹೋದರೆ ಒಂದೂ ಸೇರಬಾರದು. ಡೇಟಾಬೇಸುಗಳಲ್ಲಿ ಇದಕ್ಕೆ ಅನುಕೂಲವುಂಟು, ಕೆಲಸಗಾರನು ಅದನ್ನು ಉಪಯೋಗಿಸಿದನೇ ಎಂದು ಕೇಳಬೇಕು. ಹಿಂದಿನ ಅಂಕಿ, ಹೊಸ ಅಂಕಿ, ತಾರೀಖು, ಸೇರಿಸಿದವರ ಹೆಸರು ಇವನ್ನು ಬೇರೆ ಬರೆದಿಡುವುದು ಅವಶ್ಯ.

ಕಡೆಗೆ ಗ್ರಾಮವಾರು ಪಟ್ಟಿಯನ್ನು ಮುದ್ರಿಸಿ ಸಂಘದ ಬಾಗಿಲಲ್ಲಿ ಅಂಟಿಸಿ ಓದಿ ಹೇಳಬೇಕು. ಖಾತೆ ಮತ್ತು ಆಧಾರ್ ನಂಬರುಗಳನ್ನು ಮಾತ್ರ ಅದರಲ್ಲಿ ತೋರಿಸಕೂಡದು. ಹಿರಿಯೂರಿನ ನಾಲೆಯ ಬಯಲಿನಲ್ಲಿ ಯಾರ ಹೊಲದಲ್ಲಿ ಏನಿದೆಯೆಂಬುದನ್ನು ಪಕ್ಕದ ಹೊಲದವನಷ್ಟು ಯಂತ್ರವು ಅರಿಯದು. ಅವನ ಆಕ್ಷೇಪಣೆಗಳು ತೀರಿ, ಆ ಹಂಗಾಮಿನ ಸಾಲ ಮತ್ತು ವಿಮೆಯ ಲೆಕ್ಕ ಮುಗಿಯುವವರೆಗೆ ಮೂಲದ ನಕಲನ್ನೂ ಹೊರಗಿನ ಪಟ್ಟಿಯನ್ನೂ ಕೆಡಿಸದೆ ಇಟ್ಟಿರತಕ್ಕದ್ದು.