ಹಳೆಯ ಅಯಸ್ಕಾಂತದಿಂದ ನಿಯೋಡಿಮಿಯಂ: ಚಿತ್ರದುರ್ಗದ ಗಾಳಿಯಂತ್ರಗಳ ಲೆಕ್ಕ

ಚಿತ್ರದುರ್ಗದ ಜೋಗಿಮಟ್ಟಿ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಗುಡ್ಡಗಳ ಮೇಲಿನ ಗಾಳಿಯಂತ್ರಗಳೆಲ್ಲ ನಿಯೋಡಿಮಿಯಂ ಗಣಿಗಳೆಂದುಕೊಂಡರೆ ತಪ್ಪು. ಇಂಡಕ್ಷನ್ ಜನರೇಟರ್‌ನ ಹಳೆಯ ಯಂತ್ರಗಳಲ್ಲಿ ಶಾಶ್ವತ ಅಯಸ್ಕಾಂತ ಇರುವುದಿಲ್ಲ. ತಾಮ್ರದ ಸುರುಳಿಯೇ ಆ ಕೆಲಸ ಮಾಡುತ್ತದೆ. ಶಾಶ್ವತ ಅಯಸ್ಕಾಂತದ ಜನರೇಟರ್, ವಿದ್ಯುತ್ ವಾಹನದ ಮೋಟಾರು, ಹಾರ್ಡ್ ಡಿಸ್ಕ್‌ಗಳಲ್ಲಿರುವ ನಿಯೋಡಿಮಿಯಂ–ಕಬ್ಬಿಣ–ಬೋರಾನ್ ಅಯಸ್ಕಾಂತದಲ್ಲಿ ಮಾತ್ರ ತೂಕದ ಸುಮಾರು ಶೇ 30ರಷ್ಟು ವಿರಳ ಭೂಲೋಹಗಳಿವೆ. ಆದ್ದರಿಂದ ಯಂತ್ರ ಬಿಚ್ಚುವ ಮೊದಲು ಅದರ ಜಾತಿ ಗುರುತಿಸುವುದೇ ಮುಖ್ಯ.

ಅಯಸ್ಕಾಂತವನ್ನು ಕಾಯಿಸಿ ಕಾಂತತ್ವ ಕಳೆದು, ಪುಡಿಮಾಡಿ, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ, ಕಬ್ಬಿಣವನ್ನು ಬೇರ್ಪಡಿಸುತ್ತಾರೆ. ಉಳಿದ ದ್ರಾವಣದೊಂದಿಗೆ, ರಂಜಕಯುಕ್ತ ಸಾವಯವ ಆಮ್ಲ ಬೆರೆಸಿದ ಸೀಮೆಎಣ್ಣೆಯನ್ನು ಕಲಕಿ ಬಿಟ್ಟರೆ ಎರಡು ಪದರಗಳಾಗುತ್ತವೆ: ಅಯಸ್ಕಾಂತದಲ್ಲಿರಬಹುದಾದ ಇನ್ನೊಂದು ವಿರಳ ಭೂಲೋಹ ಡಿಸ್ಪ್ರೋಸಿಯಂ ಮೇಲಿನ ಎಣ್ಣೆಗೆ ಏರುತ್ತದೆ, ನಿಯೋಡಿಮಿಯಂ ಬಹುಪಾಲು ಕೆಳಗಿನ ನೀರಿನಲ್ಲೇ ಉಳಿಯುತ್ತದೆ. ಆ ನೀರಿಗೆ ಆಕ್ಸಾಲಿಕ್ ಆಮ್ಲ ಹಾಕಿದರೆ ನಿಯೋಡಿಮಿಯಂ ಗಸಿಯಾಗಿ ಕೂರುತ್ತದೆ, ಸುಟ್ಟರೆ ಆಕ್ಸೈಡ್. ನಿಯೋಡಿಮಿಯಂ ಮತ್ತು ಅದರ ಜೊತೆಗೇ ಬರುವ ವಿರಳ ಭೂಲೋಹ ಪ್ರೇಸಿಯೋಡಿಮಿಯಂ ಬೇರ್ಪಡಿಸಲು ಹತ್ತಾರು ಹಂತ ಬೇಕೆಂಬ ಆಕ್ಷೇಪ ನಿಜ. ಆದರೆ ಹೊಸ ಅಯಸ್ಕಾಂತಕ್ಕೆ ಎರಡನ್ನೂ ಕೂಡಿಸಿಯೇ ಬಳಸಬಹುದು.

ಆಮ್ಲದ ತ್ಯಾಜ್ಯನೀರಿನ ಆಕ್ಷೇಪ ಇನ್ನೂ ಗಟ್ಟಿ. ನೀರಿನ ಬರವಿರುವ ಈ ಜಿಲ್ಲೆಯಲ್ಲಿ ಬಿಚ್ಚುವ, ವಿಂಗಡಿಸುವ ಕೆಲಸವಷ್ಟೇ ನಡೆಯಲಿ. ಆದರೂ ವಿರಳ ಭೂಲೋಹಗಳ ಮೊನಜೈಟ್ ಅದಿರಿನೊಂದಿಗೆ ಬರುವ ವಿಕಿರಣಶೀಲ ಥೋರಿಯಂ ಹಳೆಯ ಅಯಸ್ಕಾಂತದಲ್ಲಿಲ್ಲ. ಈ ಕೆಲಸಕ್ಕೆ ಸರ್ಕಾರದ ಬೆಂಬಲವೂ ಇದೆ: 2025ರ ಏಪ್ರಿಲ್‌ನಲ್ಲಿ ಚೀನಾ ಡಿಸ್ಪ್ರೋಸಿಯಂ ಸೇರಿ 7 ಲೋಹಗಳ ರಫ್ತನ್ನು ನಿಯಂತ್ರಿಸಿದ ಮೇಲೆ, ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ ನಿರ್ಣಾಯಕ ಖನಿಜಗಳ ಮರುಬಳಕೆಗೆ 1,500 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ನೀಡಿತು.