ಮನೆಯ ಶೋಧಕಗಳು ಮತ್ತು ಮೋಟಾರು ಗಾಡಿಯ ಶುಚಿತ್ವ



‘ಹಿತ್ತಿಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಕೈಗೆ ಸುಲಭವಾಗಿ ಸಿಗುವ ವಸ್ತುವಿನ ಬೆಲೆಯನ್ನು ಮನುಷ್ಯನು ಅರಿಯನೆಂಬುದು ಅದರ ತಾತ್ಪರ್ಯ. ಆದರೆ ಹಿತ್ತಿಲಲ್ಲಿ ಬೆಳೆದ ಪ್ರತಿಯೊಂದು ಗಿಡವೂ ಪ್ರತಿಯೊಂದು ರೋಗಕ್ಕೂ ಮದ್ದಾಗಲಾರದೆಂಬುದೂ ಅಷ್ಟೇ ನಿಜ. ಮೋಟಾರು ಗಾಡಿಯನ್ನು ತೊಳೆಯುವ ವಿಷಯದಲ್ಲಿಯೂ ಹೀಗೆಯೇ. ಅಂಗಡಿಯಲ್ಲಿ ದೊರೆಯುವ ದುಬಾರಿ ದ್ರವಗಳು ಮಾಡುವ ಕೆಲಸಗಳಲ್ಲಿ ಕೆಲವನ್ನು ನಮ್ಮ ಅಡಿಗೆಮನೆಯ ವಸ್ತುಗಳೇ ಮಾಡಬಲ್ಲವು. ಮತ್ತೆ ಕೆಲವು ವಸ್ತುಗಳು ಗಾಡಿಯನ್ನು ಕೆಡಿಸುತ್ತವೆ, ತೊಳೆಯುವವರ ಪ್ರಾಣಕ್ಕೂ ಅಪಾಯ ತರುತ್ತವೆ. ಯಾವುದು ಯಾವ ವರ್ಗದ್ದೆಂಬುದನ್ನು ಕಾರಣಸಹಿತವಾಗಿ ತಿಳಿಯುವುದೇ ಈ ಪಾಠದ ಉದ್ದೇಶ.

ಗೋವೆಯಲ್ಲಿ ನೆಲೆಸಿರುವ ಕನ್ನಡ ಮನೆತನಗಳಲ್ಲಿ ಟ್ಯಾಕ್ಸಿ, ರಿಕ್ಷಾ, ಟೆಂಪೊಗಳನ್ನು ನಡೆಸಿ ಜೀವಿಸುವವರಿದ್ದಾರೆ. ಅಂಥ ಮನೆಯಲ್ಲಿ ಗಾಡಿಯು ರೈತನ ಎತ್ತಿನಂತೆ ಅನ್ನದ ಆಧಾರ. ಅದರ ಮೈ ತೊಳೆಯುವ ಕೆಲಸ ಅನೇಕ ವೇಳೆ ಮನೆಯ ಮಕ್ಕಳ ಪಾಲಿಗೆ ಬರುತ್ತದೆ. ಆದುದರಿಂದ ಈ ವಿಷಯ ಮಕ್ಕಳಿಗೂ ಪೋಷಕರಿಗೂ ಸಮಾನವಾಗಿ ಉಪಯುಕ್ತವಾದುದು.

ಗೋವೆಯ ಗಾಳಿ, ನೀರು, ಧೂಳು

ಸಮುದ್ರದ ನೀರಿನ ಪ್ರತಿ ಲೀಟರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಅಲೆಗಳು ಒಡೆದಾಗ ಏಳುವ ಸೂಕ್ಷ್ಮ ತುಂತುರುಗಳು ಗಾಳಿಯಲ್ಲಿ ತೇಲಿ ಬಂದು ತೀರದ ಊರುಗಳ ಗಾಡಿಗಳ ಮೇಲೆ ಉಪ್ಪಿನ ತೆಳುಪದರವನ್ನು ಬಿಡುತ್ತವೆ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುವ ಈ ನಾಡಿನಲ್ಲಿ ತೇವಕ್ಕೂ ಕೊರತೆಯಿಲ್ಲ. ಕಬ್ಬಿಣ, ನೀರು, ಆಮ್ಲಜನಕ ಈ ಮೂರೂ ಸೇರಿದಲ್ಲಿ ತುಕ್ಕು ಹುಟ್ಟುತ್ತದೆ. ಉಪ್ಪು ಕರಗಿದ ನೀರಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುವುದರಿಂದ ಆ ಕ್ರಿಯೆ ಇನ್ನೂ ತೀವ್ರವಾಗುತ್ತದೆ.

ಇದಕ್ಕೆ ಧೂಳೂ ಸೇರಿಕೊಳ್ಳುತ್ತದೆ. ಜಂಬಿಟ್ಟಿಗೆ ಕಲ್ಲಿನ ಕೆಂಪು ಧೂಳು ಗೋವೆಯಲ್ಲಿ ಎಲ್ಲೆಡೆಯೂ ಇದೆ. ಡಿಚೋಲಿ, ಸಾಂಗೆ ಮೊದಲಾದ ಗಣಿಸೀಮೆಗಳಲ್ಲಿ ಕಬ್ಬಿಣದ ಅದಿರಿನ ಧೂಳುಂಟು. ಮುರಗಾಂವ ಬಂದರಿನ ಸುತ್ತ ಕಲ್ಲಿದ್ದಲಿನ ಕಪ್ಪು ಧೂಳುಂಟು. ಕಡಲತೀರದಲ್ಲಿ ಮರಳುಂಟು. ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಮಾನದಲ್ಲಿ ನಮ್ಮ ಉಗುರು ಸುಮಾರು 2.5, ಗಾಜು ಸುಮಾರು 5.5, ಮರಳಿನ ಕಣವಾದ ಸ್ಫಟಿಕ ಶಿಲೆ 7. ಹೆಚ್ಚು ಗಡಸಾದುದು ಕಡಮೆ ಗಡಸಾದುದನ್ನು ಗೀಚುತ್ತದೆಂಬುದು ನಿಯಮ. ಒಣ ಬಟ್ಟೆಯಿಂದ ಧೂಳು ಒರೆಸುವವನು ತಿಳಿಯದೆಯೇ ಉಪ್ಪುಕಾಗದದಿಂದ ಗಾಡಿಯನ್ನು ಉಜ್ಜುತ್ತಿರುತ್ತಾನೆ. ನೀರಿಲ್ಲದೆ ವೈಪರ್ ಓಡಿಸಿದರೆ ಎದುರಿನ ಗಾಜಿಗೂ ಅದೇ ಗತಿ. ಆ ಗೀರುಗಳ ಮೇಲೆ ರಾತ್ರಿ ಎದುರು ಗಾಡಿಯ ದೀಪ ಬಿದ್ದಾಗ ಚಾಲಕನ ಕಣ್ಣು ಕುಕ್ಕುತ್ತದೆ.

ಬಣ್ಣದ ಪದರಗಳು

ಗಾಡಿಯ ಉಕ್ಕಿನ ಹಾಳೆಯ ಮೇಲೆ ಮೊದಲು ತುಕ್ಕುನಿರೋಧಕ ಲೇಪ, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಹೊಳಪು ಕೊಡುವ ಪಾರದರ್ಶಕ ಲೇಪವಿರುತ್ತದೆ. ಈ ಮೇಲಿನ ಲೇಪದ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರೋಮೀಟರ್ ಮಾತ್ರ. ಮೈಕ್ರೋಮೀಟರ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ನಮ್ಮ ತಲೆಗೂದಲೇ ಸುಮಾರು 70 ಮೈಕ್ರೋಮೀಟರ್ ದಪ್ಪವಿರುವಾಗ, ಕೂದಲಿಗಿಂತ ತೆಳುವಾದ ಈ ರಕ್ಷಾಕವಚವನ್ನು ಎಷ್ಟು ಜೋಪಾನದಿಂದ ಕಾಪಾಡಬೇಕೆಂಬುದನ್ನು ಊಹಿಸಬಹುದು. ಹಿತ್ತಾಳೆಯ ಪಾತ್ರೆಗೆ ಹಿತವಾದ ಬೂದಿ, ಹುಣಸೆಹಣ್ಣು, ತೆಂಗಿನ ನಾರು ಗಾಡಿಯ ಮೈಗೆ ಸಲ್ಲವು.

ಉಪಯೋಗಿಸಬಹುದಾದ ವಸ್ತುಗಳು

*ತಲೆಗೆ ಹಚ್ಚುವ ಶಾಂಪೂ:* ಇದು ಸೌಮ್ಯವಾದುದು. ಒಂದು ಬಕೆಟ್ ನೀರಿಗೆ ಒಂದೆರಡು ಚಮಚ ಸಾಕು. ಪಾತ್ರೆ ತೊಳೆಯುವ ದ್ರವವು ಜಿಡ್ಡನ್ನು ಕಿತ್ತುಹಾಕುವಂತೆ ಗಾಡಿಯ ಮೇಲಿನ ರಕ್ಷಕ ಮೇಣವನ್ನೂ ಕಿತ್ತುಹಾಕುತ್ತದೆ. ಅದನ್ನು ನಿತ್ಯವೂ ಬಳಸಬಾರದು.

*ಅಂಟುವಾಳಕಾಯಿ:* ಇದರ ಸಿಪ್ಪೆಯಲ್ಲಿರುವ ಸ್ಯಾಪೊನಿನ್ ಎಂಬ ದ್ರವ್ಯವು ನೊರೆ ಕೊಟ್ಟು ಕೊಳೆಯನ್ನು ಸಡಿಲಿಸುತ್ತದೆ. ಹತ್ತು ಹನ್ನೆರಡು ಕಾಯಿಗಳ ಸಿಪ್ಪೆಯನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ, ಕಿವುಚಿ, ಚೂರು ಉಳಿಯದಂತೆ ಬಟ್ಟೆಯಲ್ಲಿ ಸೋಸಿಕೊಳ್ಳಬೇಕು. ಕಣ್ಣಿಗೆ ತಾಗಿದರೆ ಉರಿಯುತ್ತದೆಂಬುದನ್ನು ಮರೆಯಬಾರದು.

*ವಿನಿಗರ್:* ಇದರಲ್ಲಿ ನೂರಕ್ಕೆ ನಾಲ್ಕೈದು ಭಾಗ ಅಸೆಟಿಕ್ ಆಮ್ಲವಿರುತ್ತದೆ. ಗಡಸು ನೀರು ಒಣಗಿ ಗಾಜಿನ ಮೇಲೆ ಉಳಿದ ಬಿಳಿಯ ಸುಣ್ಣದ ಕಲೆಗಳನ್ನು ಅದು ಕರಗಿಸುತ್ತದೆ. ಬಣ್ಣವಿಲ್ಲದ ವಿನಿಗರಿಗೆ ಅಷ್ಟೇ ನೀರು ಬೆರೆಸಿ, ಗಾಜಿಗೆ ಮಾತ್ರ ಹಚ್ಚಿ, ನೀರಿನಿಂದ ತೊಳೆದು ಒರೆಸಬೇಕು. ಬಣ್ಣಕ್ಕೂ ಅಲ್ಯುಮಿನಿಯಂ ಚಕ್ರಗಳಿಗೂ ಸೋಕಿಸಬಾರದು.

*ತೆಂಗಿನೆಣ್ಣೆ:* ಹಲಸಿನಹಣ್ಣು ಬಿಡಿಸುವಾಗ ತಾಯಂದಿರು ಕೈಗೆ ಎಣ್ಣೆ ಸವರಿಕೊಳ್ಳುವುದು ಏಕೆ? ಹಲಸಿನ ಮೇಣ ನೀರಿಗೆ ಜಗ್ಗದು, ಎಣ್ಣೆಗೆ ಸಡಿಲವಾಗುತ್ತದೆ. ಸಜಾತಿಯು ಸಜಾತಿಯನ್ನು ಕರಗಿಸುತ್ತದೆಂಬುದು ರಸಾಯನಶಾಸ್ತ್ರದ ಸೂತ್ರ. ಹೊಸ ರಸ್ತೆಯಿಂದ ಗಾಡಿಯ ಮೈಗೆ ಸಿಡಿದ ಡಾಮರಿನ ಮೇಲೆ ಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಮೆತ್ತಗೆ ಒರೆಸಿ, ಆಮೇಲೆ ಶಾಂಪೂ ನೀರಿನಿಂದ ತೊಳೆಯಬೇಕು. ಸೀಮೆಎಣ್ಣೆಯೂ ಡಾಮರನ್ನು ಕರಗಿಸುತ್ತದಾದರೂ ಬೆಂಕಿಯ ಭಯವಿರುವುದರಿಂದ ಅದು ಬೇಡ.

*ಅಡಿಗೆ ಸೋಡಾ:* ಮಳೆಗಾಲದಲ್ಲಿ ಗಾಡಿಯೊಳಗಿನ ಹಾಸುಗಳಿಗೆ ಮುಗ್ಗಲು ವಾಸನೆ ಬರುತ್ತದೆ. ಹಾಸುಗಳನ್ನು ಒಣಗಿಸಿ, ಸೋಡಾ ಉದುರಿಸಿ, ಮರುದಿನ ಝಾಡಿಸಿದರೆ ವಾಸನೆ ತಗ್ಗುತ್ತದೆ. ಒದ್ದೆಯ ಮೇಲೆಯೇ ಹಾಕಿದರೆ ಪ್ರಯೋಜನವಿಲ್ಲ.

ಮಾಡಬಾರದ ಕೆಲಸಗಳು

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಇದು. ಬಟ್ಟೆ ಬಿಳುಪು ಮಾಡುವ ಬ್ಲೀಚಿನ ದ್ರವವನ್ನು ವಿನಿಗರ್, ನಿಂಬೆರಸ, ಶೌಚಾಲಯ ತೊಳೆಯುವ ಆಮ್ಲ ಇವುಗಳಲ್ಲಿ ಯಾವುದರೊಡನೆಯೂ ಎಂದಿಗೂ ಬೆರೆಸಬೇಡಿರಿ. ಬೆರೆಸಿದರೆ ಕ್ಲೋರೀನ್ ಎಂಬ ವಿಷಾನಿಲ ಹೊರಬರುತ್ತದೆ. 1915ರಲ್ಲಿ ಬೆಲ್ಜಿಯಂ ದೇಶದ ಈಪ್ರ್ ಎಂಬಲ್ಲಿ ಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟ ಅನಿಲವೂ ಇದೇ. ಬ್ಲೀಚಿಗೆ ಅಮೋನಿಯಾ ಸೇರಿದರೂ ವಿಷಾನಿಲವೇ ಹುಟ್ಟುತ್ತದೆ. ಬಾಗಿಲು ಮುಚ್ಚಿದ ಗಾಡಿಯ ಇಕ್ಕಟ್ಟಿನಲ್ಲಿ ಇಂಥ ಅನಿಲ ಮಾರಕವಾಗಬಹುದು. ‘ಎರಡೂ ಶುಚಿಗೊಳಿಸುವ ವಸ್ತುಗಳೇ ತಾನೆ, ಕೂಡಿಸಿದರೆ ಇಮ್ಮಡಿ ಶುಚಿಯಾದೀತು’ ಎಂಬ ಎಣಿಕೆ ಪ್ರಾಣಘಾತಕವಾದುದು.

ಶೌಚಾಲಯ ತೊಳೆಯುವ ಆಮ್ಲದಿಂದ ಚಕ್ರಗಳನ್ನು ಉಜ್ಜಬಾರದು. ಅದರಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲ ಲೋಹವನ್ನು ತಿನ್ನುತ್ತದೆ. ಬಟ್ಟೆ ಒಗೆಯುವ ಸೋಡಾ ತೀಕ್ಷ್ಣ ಕ್ಷಾರ, ಅದು ಅಲ್ಯುಮಿನಿಯಂ ಅನ್ನು ಕೆಡಿಸುತ್ತದೆ. ಟಯರಿನ ನೆಲ ಮುಟ್ಟುವ ಭಾಗಕ್ಕೆ, ಬ್ರೇಕಿನ ತಟ್ಟೆಗೆ, ಕಾಲೊತ್ತುವ ಪೆಡಲಿಗೆ ಹೊಳಪಿಗಾಗಿ ಎಣ್ಣೆ ಸವರುವುದು ಅಪಘಾತವನ್ನು ಕರೆದು ತಂದಂತೆ. ದ್ವಿಚಕ್ರ ವಾಹನಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು.

ಹಳದಿಗಟ್ಟಿದ ಮುಂದೀಪಗಳನ್ನು ಹಲ್ಲುಜ್ಜುವ ಪೇಸ್ಟಿನಿಂದ ತಿಕ್ಕುವ ಪದ್ಧತಿಯುಂಟು. ಈಗಿನ ದೀಪದ ಮುಚ್ಚಳಗಳು ಗಾಜಿನವಲ್ಲ, ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕಿನವು. ಸೂರ್ಯನ ಅತಿನೇರಳೆ ಕಿರಣಗಳಿಂದ ಅವು ಮಸುಕಾಗುತ್ತವೆ. ಪೇಸ್ಟಿನ ಸಣ್ಣ ಕಣಗಳು ಮಸುಕನ್ನು ಸವೆಸುವುದು ನಿಜ. ಆದರೆ ಅಳಿದುಳಿದ ರಕ್ಷಕ ಲೇಪವೂ ಸವೆಯುವುದರಿಂದ ದೀಪ ಮತ್ತೆ ಬೇಗನೆ ಹಳದಿಯಾಗುತ್ತದೆ. ಇದು ತಾತ್ಕಾಲಿಕ ಉಪಾಯವೆಂದು ತಿಳಿದು, ರಾತ್ರಿ ಓಡುವ ಗಾಡಿಗೆ ಬಲ್ಲವರಿಂದ ಸರಿಯಾದ ದುರಸ್ತಿ ಮಾಡಿಸುವುದೇ ಲೇಸು.

ತೊಳೆಯುವ ಕ್ರಮ

ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸಿ ತಣಿಯಗೊಡಬೇಕು. ಮೊದಲು ಬರಿಯ ನೀರು ಸುರಿದು ಧೂಳನ್ನು ಇಳಿಸಬೇಕು. ಬಳಿಕ ಎರಡು ಬಕೆಟ್‌ಗಳನ್ನಿಟ್ಟುಕೊಂಡು, ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ನೀರು ಇರಿಸಬೇಕು. ಗುಂಡಿ, ಜರಿಗಳಿಲ್ಲದ ಹಳೆಯ ಹತ್ತಿಯ ಬಟ್ಟೆಯಿಂದ ಮೇಲಿನಿಂದ ಕೆಳಕ್ಕೆ ತೊಳೆಯಬೇಕು. ಚಕ್ರಗಳಿಗೆ ಬೇರೆ ಬಟ್ಟೆ ಇರಲಿ. ಉಪ್ಪು ಮತ್ತು ಕೆಸರು ಅಡಗಿ ಕೂರುವ ಚಕ್ರದ ಕಮಾನುಗಳನ್ನೂ ಗಾಡಿಯ ಅಡಿಭಾಗವನ್ನೂ ಮರೆಯಬಾರದು, ಏಕೆಂದರೆ ತುಕ್ಕು ಕಣ್ಣಿಗೆ ಕಾಣದೆಡೆಯಲ್ಲಿಯೇ ಮೊದಲು ಹಿಡಿಯುತ್ತದೆ. ಹಕ್ಕಿಯ ಹಿಕ್ಕೆ ಬಿದ್ದರೆ ಕೆರೆಯದೆ, ಒದ್ದೆ ಬಟ್ಟೆ ಹೊದಿಸಿ ಮೆತ್ತಗಾದ ಮೇಲೆ ತೆಗೆಯಬೇಕು. ಇಷ್ಟಕ್ಕೆಲ್ಲ ಮೂರು ನಾಲ್ಕು ಬಕೆಟ್ ನೀರು ಸಾಕು. ಕೊಳೆನೀರು ಬಾವಿಯ ಕಡೆಗೆ ಹರಿಯದಂತೆ ನೋಡಿಕೊಳ್ಳುವುದು ನೆರೆಹೊರೆಯವರಿಗೆ ನಾವು ಸಲ್ಲಿಸಬೇಕಾದ ಧರ್ಮ.

ಒಂದು ಪ್ರಯೋಗ

ಮೂರು ಗಾಜಿನ ಲೋಟಗಳನ್ನೂ ಹೊಳಪುಳ್ಳ ಮೂರು ಕಬ್ಬಿಣದ ಮೊಳೆಗಳನ್ನೂ ತೆಗೆದುಕೊಳ್ಳಿರಿ. ಮೊದಲ ಲೋಟದಲ್ಲಿ ಬರಿಯ ನೀರು, ಉಳಿದೆರಡರಲ್ಲಿ ಒಂದೊಂದು ಚಮಚ ಉಪ್ಪು ಕರಗಿಸಿದ ನೀರು ಇರಲಿ. ಮೂರನೆಯ ಲೋಟದ ಮೊಳೆಗೆ ಮೊದಲೇ ವ್ಯಾಸಲೀನ್ ದಪ್ಪವಾಗಿ ಸವರಿರಿ. ಮೊಳೆಗಳು ಅರ್ಧ ಮಾತ್ರ ಮುಳುಗುವಂತೆ ಓರೆಯಾಗಿಟ್ಟು, ಒಂದು ವಾರ ದಿನವೂ ನೋಡಿ ಬರೆದಿಡಿರಿ. ಯಾವ ಮೊಳೆಗೆ ಹೆಚ್ಚು ತುಕ್ಕು ಹಿಡಿಯಿತು? ಯಾವುದಕ್ಕೆ ಹಿಡಿಯಲಿಲ್ಲ? ಗಾಡಿಯ ಮೇಲಿನ ಬಣ್ಣವೂ ಮೇಣವೂ ಮಾಡುವ ಕೆಲಸವೇನೆಂಬುದು ಆಗ ನಿಮಗೆ ಸ್ವತಃ ಮನದಟ್ಟಾಗುವುದು.

ಪೋಷಕರಲ್ಲಿ ಒಂದು ವಿಜ್ಞಾಪನೆ. ಬ್ಲೀಚು, ಆಮ್ಲಗಳ ಶೀಶೆಗಳನ್ನು ಮಕ್ಕಳ ಕೈಗೆಟುಕದೆಡೆಯಲ್ಲಿಡಿರಿ. ಅವನ್ನು ಎಂದಿಗೂ ಕುಡಿಯುವ ನೀರಿನ ಶೀಶೆಗೆ ಸುರಿದಿಡಬೇಡಿರಿ. ಮಕ್ಕಳು ಗಾಡಿ ತೊಳೆಯುವಾಗ ಹಿರಿಯರೊಬ್ಬರು ಹತ್ತಿರವಿರಲಿ. ವಸ್ತುವಿನ ಗುಣವರಿತು ಬಳಸಿದರೆ ಖರ್ಚೂ ಉಳಿಯುತ್ತದೆ, ಗಾಡಿಯೂ ಬಾಳುತ್ತದೆ. ತರಗತಿಯಲ್ಲಿ ಕಲಿತ ವಿಜ್ಞಾನ ಅಂಗಳದಲ್ಲಿ ಫಲ ಕೊಡುವುದೂ ಹೀಗೆಯೇ.