ಬಾಲ್ಕನಿಯ ಬಿಯರು, ಅಬಕಾರಿಯ ಕಲಂ 13

ಇಪ್ಪತ್ತು ಲೀಟರಿನ ನೀರಿನ ಕ್ಯಾನು, ಅದರ ಬಾಯಿಗೆ ಬಿಗಿದ ಬಿರಡೆ, ಬಿರಡೆಯಿಂದ ಇಳಿದು ಪಕ್ಕದ ಬಾಟಲಿಯ ನೀರಿನಲ್ಲಿ ಗುಳುಗುಳು ಗುಳ್ಳೆ ಬಿಡುವ ಪ್ಲಾಸ್ಟಿಕ್ ಕೊಳವೆ. ಒಳಗೆ ಮೊಳಕೆ ಕಟ್ಟಿ ಹುರಿದ ರಾಗಿ, ಬಾರ್ಲಿ ಮಾಲ್ಟು, ಜಜ್ಜಿದ ಶುಂಠಿ, ಕಾಳುಮೆಣಸು, ನಾಲ್ಕಾರು ಹಲಸಿನ ತೊಳೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಫ್ಲ್ಯಾಟುಗಳಲ್ಲಿ ಇಂಥ ಪ್ರಯೋಗಕ್ಕೆ ಕೈಹಾಕುವವರ ಸಮರ್ಥನೆ ಸಾಮಾನ್ಯವಾಗಿ ಒಂದೇ: ‘ಮಾರ್ತಾ ಇಲ್ಲವಲ್ಲ, ನಾವೇ ಕುಡಿಯೋದು ತಾನೇ?’

ಕರ್ನಾಟಕ ಅಬಕಾರಿ ಕಾಯ್ದೆ, 1965ರ ಮುಂದೆ ಈ ವಾದ ನಿಲ್ಲುವುದಿಲ್ಲ. ಕಲಂ 13ರ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದೇ ನಿಷಿದ್ಧ. ಮಾರಾಟ ಆಮೇಲಿನ ಮಾತು. ಆಲ್ಕೋಹಾಲ್ ಇರುವ ದ್ರವವೆಲ್ಲ ಕಾಯ್ದೆಯ ಕಣ್ಣಿಗೆ ಮದ್ಯವೇ. ಶುಂಠಿ, ಕಾಳುಮೆಣಸು ಹಾಕಿದ ಮಾತ್ರಕ್ಕೆ ಬಿಯರು ಕಷಾಯವಾಗುವುದಿಲ್ಲ. ತಯಾರಿಸುವ ಉದ್ದೇಶದಿಂದ ಸಾಮಗ್ರಿ, ಪಾತ್ರೆ, ಉಪಕರಣ ಇಟ್ಟುಕೊಳ್ಳುವುದನ್ನೂ ಅದೇ ಕಲಂ ತಡೆಯುತ್ತದೆ. ಪೀಣ್ಯದ ವರ್ಕ್‌ಶಾಪಿನಲ್ಲಿ ಬೆಸುಗೆ ಹಾಕಿಸಿ ತಂದ ಸ್ಟೀಲ್ ಡ್ರಮ್ಮು ಬರೀ ಡ್ರಮ್ಮಾಗಿ ಉಳಿಯದೆ ಸಾಕ್ಷ್ಯವಾಗಬಹುದು. ಕಲಂ 32ರಡಿ ಶಿಕ್ಷೆ ಐದು ವರ್ಷದವರೆಗಿನ ಜೈಲು, 50,000 ರೂಪಾಯಿವರೆಗಿನ ದಂಡ.

1882ರಲ್ಲಿ ಆಂಗ್ಲೋ ಇಂಡಿಯನ್ನರ ವಸಾಹತಾಗಿ ಹುಟ್ಟಿದ ವೈಟ್‌ಫೀಲ್ಡಿನಲ್ಲಿ ಕ್ರಿಸ್ಮಸ್‌ಗೆ ಭರಣಿಯಲ್ಲಿ ಹುದುಗುವ ದ್ರಾಕ್ಷಿ ವೈನಿಗೂ, ಅಕ್ಷರಶಃ ಓದಿದರೆ, ಇದೇ ಕಲಂ 13 ಅನ್ವಯಿಸುತ್ತದೆ.

ಅನೇಕರು ಎಡವುವುದು ಲೀಟರ್ ಲೆಕ್ಕದಲ್ಲಿ. 2020ರ ಮೇ ತಿಂಗಳಲ್ಲಿ ಲಾಕ್‌ಡೌನ್ ಸಡಿಲವಾದಾಗ ಬೆಂಗಳೂರಿನ ತಾವರೆಕೆರೆಯ ಮದ್ಯದಂಗಡಿಯೊಂದರ 52,841 ರೂಪಾಯಿ ಬಿಲ್ಲು ವಾಟ್ಸಾಪಿನಲ್ಲಿ ಹರಿದಾಡಿತು. ಒಬ್ಬ ಗ್ರಾಹಕರಿಗೆ ಕೊಡಬಹುದಾದ ಬಿಯರು ಸುಮಾರು 18 ಲೀಟರ್ ಎಂಬ ಮಿತಿ ಆಗ ಎಲ್ಲರ ಬಾಯಿಗೂ ಬಂತು. ಅದು ಅಂಗಡಿಯಲ್ಲಿ ಕೊಂಡ ಸರಕಿನ ಮಿತಿ. ಅದರ ನೆರಳಿನಲ್ಲಿ ಅಷ್ಟನ್ನು ಮನೆಯಲ್ಲೇ ತಯಾರಿಸಬಹುದು ಎಂದುಕೊಳ್ಳುವುದು ಅಪಾಯ.

ಕಾಯ್ದೆಯ ಈ ಬಿಗಿಗೆ ಸಮರ್ಥನೆ ಇಲ್ಲದಿಲ್ಲ. 2007ರ ಜುಲೈನಲ್ಲಿ ಸಾರಾಯಿ ನಿಷೇಧವಾಯಿತು. ಮರುವರ್ಷದ ಮೇ ತಿಂಗಳಲ್ಲಿ ಆನೇಕಲ್ ಸೀಮೆಯಲ್ಲೂ ಗಡಿಯಾಚೆಯ ಕೃಷ್ಣಗಿರಿ ಜಿಲ್ಲೆಯಲ್ಲೂ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಮಂದಿ ಸತ್ತರು. ಕೊಂದದ್ದು ಮೆಥನಾಲ್. ಹುದುಗಿಸಿದ ರಾಗಿ ಬಿಯರು ಬೇರೆ, ಮೆಥನಾಲ್ ಬೆರೆಸಿದ ಸಾರಾಯಿ ಬೇರೆ ಎಂಬ ವಿವೇಚನೆ ಕಾಯ್ದೆಯಲ್ಲಿರಬೇಕಿತ್ತು. ಅಮೆರಿಕ 1978ರಲ್ಲೇ ಅದನ್ನು ಮಾಡಿತು: ಸ್ವಂತ ಬಳಕೆಗೆ ವಯಸ್ಕರೊಬ್ಬರು ವರ್ಷಕ್ಕೆ 100 ಗ್ಯಾಲನ್ ಬಿಯರು ತಯಾರಿಸಿದರೆ ಅಲ್ಲಿ ಕೇಂದ್ರ ತೆರಿಗೆಯಿಲ್ಲ, ಮನೆಯಲ್ಲಿ ಭಟ್ಟಿ ಇಳಿಸುವುದಕ್ಕೆ ಮಾತ್ರ ಆ ಸಡಿಲಿಕೆ ಸಿಗಲಿಲ್ಲ.

ಇಲ್ಲಿ ಸಕ್ರಮ ದಾರಿ ಮೈಕ್ರೋಬ್ರೂವರಿ ಪರವಾನಗಿ. ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್‌ನಂಥ ಜಾಗಗಳು ನಡೆಯುವುದು ಅದರಡಿ. ಅಡುಗೆಮನೆಗೆ ಅದು ಎಟುಕುವಂಥದ್ದಲ್ಲ. ಅಪಾರ್ಟ್‌ಮೆಂಟ್ ಪಾರ್ಟಿಗೆ ಪಡೆಯುವ ಸಿಎಲ್–5 ಸಾಂದರ್ಭಿಕ ಪರವಾನಗಿಯಿಂದ ಮದ್ಯ ಬಡಿಸಬಹುದೇ ಹೊರತು ತಯಾರಿಸುವಂತಿಲ್ಲ.

ಅಧಿಕಾರಿಗಳು ಬಾಗಿಲು ತಟ್ಟಿದರೆ? ವಾರಂಟ್ ಇಲ್ಲದೆ ಶೋಧಿಸುವ ಅಧಿಕಾರವನ್ನು ಕಲಂ 54 ಕೊಡುತ್ತದೆ, ಆದರೆ ಷರತ್ತಿನ ಮೇಲೆ: ಅಪರಾಧ ನಡೆಯುತ್ತಿದೆ ಎಂದು ನಂಬಲು ಇರುವ ಕಾರಣವನ್ನು ಅಧಿಕಾರಿ ಶೋಧಕ್ಕೆ ಮೊದಲೇ ಬರೆದಿಡಬೇಕು. ಕೆ.ಎಲ್. ಸುಬ್ಬಯ್ಯ ಪ್ರಕರಣದಲ್ಲಿ (1979) ಸುಪ್ರೀಂ ಕೋರ್ಟ್ ಇದನ್ನು ಕಡ್ಡಾಯವೆಂದು ಹೇಳಿ, ಹಾಗೆ ಬರೆಯದೆ ನಡೆದ ಶೋಧವನ್ನು ಆಧರಿಸಿದ ಶಿಕ್ಷೆಯನ್ನು ರದ್ದುಪಡಿಸಿತು. ಹಾಗೆಂದು ಬಾಗಿಲಿಗೆ ಅಡ್ಡ ನಿಲ್ಲಬಾರದು. ಕಾರಣ ಬರೆದಿಡಲಿಲ್ಲ ಎಂಬುದು ನ್ಯಾಯಾಲಯದಲ್ಲಿ ಎತ್ತುವ ತಕರಾರು. ಸ್ಥಳದಲ್ಲಿ ಮಾಡಬೇಕಾದದ್ದು ಗುರುತಿನ ಚೀಟಿ ಕೇಳುವುದು, ಮಹಜರು ಪೂರ್ತಿ ಓದಿ, ಖಾಲಿ ಜಾಗ ಉಳಿದಿಲ್ಲವೆಂದು ಖಾತ್ರಿಪಡಿಸಿಕೊಂಡು ಸಹಿ ಹಾಕುವುದು, ಪ್ರತಿ ಪಡೆಯುವುದು.

ಬಂಧಿಸಿದರೆ ಕಾರಣ ತಿಳಿಸಬೇಕು, ಮನೆಯವರಿಗೆ ಸುದ್ದಿ ಮುಟ್ಟಿಸಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ವಶದಲ್ಲಿರುವ ಯಾರಿಗೇ ಆದರೂ ಉಚಿತ ವಕೀಲರ ನೆರವು ಸಿಗುತ್ತದೆ, ಸಹಾಯವಾಣಿ 15100.

ಗೊಂದಲ ಉಳಿದವರಿಗೆ ಮಾಹಿತಿ ಹಕ್ಕಿನ ಅರ್ಜಿಯಿದೆ. ಶುಲ್ಕ ಹತ್ತು ರೂಪಾಯಿ, ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದ ಮಿತಿ. ‘ನಾನು ಬಿಯರು ಮಾಡಬಹುದೇ?’ ಎಂದು ಅಭಿಪ್ರಾಯ ಕೇಳಿದರೆ ಅರ್ಜಿ ವಾಪಸಾದೀತು. ‘ಸ್ವಂತ ಬಳಕೆಗೆ ಬಿಯರು ತಯಾರಿಸಲು ಅನುಮತಿ ನೀಡುವ ನಿಯಮ, ಅಧಿಸೂಚನೆ ಇದ್ದರೆ ಪ್ರತಿ ಕೊಡಿ’ ಎಂದು ಬರೆದರೆ ಅಬಕಾರಿ ಇಲಾಖೆ 30 ದಿನದೊಳಗೆ ಉತ್ತರಿಸಬೇಕು.